ಏಳನೇ ಕಂತಿನ ಮಲತಾಯಿ

ಫೆಬ್ರವರಿ 9

ದೊಡ್ಡವಳಿಗೆ,

ಫೋನ್ ಮಾಡಿದ್ರೆ ನೀನು ‘ಹೂಂ, ಆಯ್ತು, ಇಡ್ಲಾ’ ಅಂತೀಯ. ಅದಕ್ಕೇ ಕಾಗದ ಬರೀತಿದ್ದೀನಿ. ಕಾಗದವಾದ್ರೆ ಕೊನೇತನಕ ಓದಲೇಬೇಕಲ್ಲ.

ಹಳೇ ಅಜ್ಜಿ ಕಥೆಗಳನ್ನ ಹೊಸದಾಗಿ ಹೇಳೋ ನಿನ್ನ ಸೀರಿಯಲ್ಲು ಇಲ್ಲಿ ಎಲ್ಲರ ಮನೇಲೂ ನೋಡ್ತಾರೆ. ಶನಿವಾರ ಸಂಜೆ ಏಳಕ್ಕೆ ಬೀದೀಲಿ ನಾಯಿ ಬೊಗಳಿದ್ರೂ ಗದರಿಸ್ತಾರೆ. ಹೆಸರುಗಳು ಬರೋವಾಗ ನಿನ್ನ ತಂಗಿ ‘ಅಮ್ಮಾ, ಅಕ್ಕನ ಹೆಸರು!’ ಅಂತ ಕೂಗಿದ್ಲು. ನಾನು ಕನ್ನಡಕ ಹುಡುಕೋದ್ರೊಳಗೆ ಹೋಗೇಬಿಟ್ಟಿತ್ತು.

ಸೋಮವಾರ ಅಂಗಡಿಗೆ ಅಳತೆ ಕೊಡೋಕೆ ಬರೋರದ್ದೆಲ್ಲ ಅದೇ ಮಾತು. ಕೆಂಪು ಟೋಪಿ ಹುಡುಗಿಯ ತೋಳದ ಕಂತು ಎದುರಿನ ಇಸ್ತ್ರಿ ಅಂಗಡಿಯವಳಿಗೆ ಒಂಚೂರೂ ಹಿಡಿಸಲಿಲ್ಲ. ‘ತೋಳಕ್ಕೂ ಒಬ್ಬಳು ಅಜ್ಜಿ ಇದ್ದಳಂತೆ, ಅದಕ್ಕೂ ಕಣ್ಣೀರಂತೆ! ಹಂಗಾದ್ರೆ ಹುಡುಗಿ ಇನ್ಯಾರಿಗೆ ಹೆದರಬೇಕು?’ ಅಂದ್ಲು. ಮೂಲೆ ಮನೆ ಮೇಷ್ಟ್ರು ‘ಹಳೇ ಅಂಗಿಗೆ ಹೊಸ ಗುಂಡಿ ಹಾಕಿದ್ದಾರೆ, ಅಷ್ಟೆ’ ಅಂದ್ರು. ನೂರು ವರ್ಷ ನಿದ್ದೆ ಮಾಡಿದವಳು ಕಣ್ಣು ಬಿಟ್ಟು ರಾಜಕುಮಾರನನ್ನ ‘ನಿನ್ನನ್ನ ಒಳಗೆ ಬಿಟ್ಟೋರು ಯಾರು?’ ಅಂತ ಕೇಳಿದ್ಲಲ್ಲ, ಅದು ಮಾತ್ರ ಹೆಂಗಸರಿಗೆಲ್ಲ ಇಷ್ಟವಾಯ್ತು.

ವಿಷಯಕ್ಕೆ ಬರ್ತೀನಿ. ಇನ್ನು ಬೂದೀಲಿ ಮಲಗೋ ಹುಡುಗಿ ಕಥೆ ಬರುತ್ತೆ ಅಂತ ಜಾಹೀರಾತು ತೋರಿಸ್ತಿದ್ದಾರೆ. ಮಲತಾಯಿ ಕಥೆ. ‘ಬರೆದಿರೋದು ನಿಮ್ಮ ದೊಡ್ಡವಳೇನಾ?’ ಅಂತ ಕೇಳ್ತಾರೆ, ಕೇಳಿ ಸುಮ್ಮನೆ ನನ್ನ ಮುಖ ನೋಡ್ತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಅಂತ ನೀನು ನಗಬಹುದು. ನಗು. ಯಾವ ಶನಿವಾರ ಅಂತ ಮಾತ್ರ ಮೊದಲೇ ತಿಳಿಸು. ಆ ವಾರ ಅಂಗಡಿ ಮುಚ್ಚಿ ಚಿಕ್ಕವಳ ಮನೇಲಿ ಇದ್ದುಬಿಡ್ತೀನಿ.

ಚಿಕ್ಕಮ್ಮ


ಫೆಬ್ರವರಿ 17

ಚಿಕ್ಕಮ್ಮನಿಗೆ,

ನಿಮ್ಮ ಕಾಗದ ತಲುಪಿತು. ಕೊನೆಯತನಕ ಓದಿದೆ.

ಅದು ಏಳನೇ ಕಂತು, ಮಾರ್ಚ್ ತಿಂಗಳ ಎರಡನೇ ಶನಿವಾರ. ಬರೆದದ್ದು ನಾನೇ. ನಾವು ನಾಲ್ವರು ಒಂದೇ ಮೇಜಿನ ನಾಲ್ಕು ಕಡೆ ಕೂತು ಬರೆಯುತ್ತೇವೆ. ಚೀಟಿ ಎತ್ತಿದಾಗ ಈ ಕಥೆ ನನ್ನ ಪಾಲಿಗೆ ಬಂತು.

ನೀವು ಅಂಗಡಿ ಮುಚ್ಚುವುದೇನೂ ಬೇಡ. ಪ್ರತಿ ಸೋಮವಾರ ‘ವೀಕ್ಷಕರ ಅಭಿಪ್ರಾಯ’ ಅಂತ ಒಂದು ಹಾಳೆ ನಮ್ಮ ಕೈಗೆ ಬರುತ್ತದೆ. ವಾರವಿಡೀ ಬಂದ ಪತ್ರ, ಫೋನುಗಳ ಸಾರಾಂಶ. ಕೆಟ್ಟ ಹೆಂಗಸರನ್ನು ನೋಡಿ ನೋಡಿ ಜನಕ್ಕೆ ಸಾಕಾಗಿದೆಯಂತೆ. ನಿರ್ದೇಶಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಆದ್ದರಿಂದ ನಮ್ಮ ಮಲತಾಯಿ ಒಳ್ಳೆಯವಳು.

ಸೆಟ್ ಹಾಕುವವರಿಗಾಗಿ ಒಂದು ಸಣ್ಣ ವಿಷಯ ಕೇಳಬೇಕಿತ್ತು. ಅಂಗಡಿಯ ಹಿಂದಿನ ಉಗ್ರಾಣದ ಬಾಗಿಲಿಗೆ ಆಗ ಯಾವ ಬಣ್ಣ ಇತ್ತು? ಚಿಲಕ ಹೊರಗಡೆ ಇದ್ದದ್ದು ನೆನಪಿದೆ. ಬಣ್ಣ ನೆನಪಾಗುತ್ತಿಲ್ಲ. ಒಳಗಡೆಯದು ಬರೀ ಹಲಗೆ.

ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ.

ದೊಡ್ಡವಳು


ಮಾರ್ಚ್ 16

ಮಗಳೇ,

ಇಷ್ಟು ವರ್ಷಕ್ಕೆ ಮೊದಲ ಸಲ ಹೀಗೆ ಬರೀತಿದ್ದೀನಿ.

ಶನಿವಾರ ನಾನು ಎಲ್ಲಿಗೂ ಹೋಗಲಿಲ್ಲ. ನೀನು ಏನೇ ಹೇಳಿದ್ರೂ ನಂಬಿಕೆ ಬರಲಿಲ್ಲ. ಕಿಟಕಿ ಮುಚ್ಚಿ, ಸದ್ದು ಕಡಿಮೆ ಮಾಡಿ ಒಬ್ಬಳೇ ಕೂತು ನೋಡಿದೆ. ಈಗ ಬೈತಾಳೆ, ಈಗ ಹೊಡೀತಾಳೆ ಅಂತ ಕಾಯ್ತಾನೇ ಇದ್ದೆ. ಅವಳು ಹೊಡೀಲೇ ಇಲ್ಲ! ಆ ಹುಡುಗಿಗೆ ಜ್ವರ ಬಂದು, ಮಲತಾಯಿ ಒಂಬತ್ತು ದಿನ ಪಕ್ಕದಲ್ಲೇ ಕೂತು ಒದ್ದೆ ಬಟ್ಟೆ ಹಾಕಿ, ಕೊನೆಗೆ ಹುಡುಗಿ ಕಣ್ಣು ಬಿಟ್ಟು ‘ಅಮ್ಮಾ’ ಅಂದ್ಲಲ್ಲ, ಅಲ್ಲಿ ನನಗೆ ತಡೆಯೋಕಾಗಲಿಲ್ಲ.

ಸೋಮವಾರ ಬಾಗಿಲು ತೆಗೆದ್ರೆ ಇಸ್ತ್ರಿಯವಳು ಮೆಟ್ಟಿಲ ಮೇಲೇ ತಬ್ಬಿಕೊಂಡ್ಲು. ಇಪ್ಪತ್ತೊಂಬತ್ತು ವರ್ಷದಿಂದ ಎದುರು ಬದುರು ಅಂಗಡಿ, ನನ್ನ ಕೈಯಿಂದ ಒಂದು ಲೋಟ ನೀರು ಕುಡಿದವಳಲ್ಲ. ‘ಅಯ್ಯೋ, ನಾವೆಲ್ಲ ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡಿದ್ವಲ್ಲ’ ಅಂತ ಅತ್ತಳು. ಮೇಷ್ಟ್ರು ಹರಿದ ಕೋಟು ತಂದು ‘ತಾಯಿ, ನಿಮ್ಮ ಮಗಳು ಅಂಗಿಯನ್ನೇ ಹೊಸದು ಮಾಡಿದ್ಲು’ ಅಂದ್ರು.

‘ನಿಜವಾಗ್ಲೂ ಒಂಬತ್ತು ದಿನ ಕೂತಿದ್ರಾ?’ ಅಂತ ಎಲ್ಲರೂ ಕೇಳ್ತಾರೆ. ನಾನೇನು ಹೇಳಲಿ? ‘ಸಾಕೋರು ದಿನ ಎಣಿಸ್ತಾರಾ’ ಅಂದೆ. ಸುಳ್ಳೇನೂ ಹೇಳಲಿಲ್ಲ ನೋಡು.

ನೀನು ಎಲ್ಲಾ ಮರೆತಿದ್ದೀಯ ಅಂತ ಗೊತ್ತಾಯ್ತು. ಎದೆ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಬಾಗಿಲ ಬಣ್ಣ ಕೇಳಿದ್ದೆಯಲ್ಲ, ಹಸಿರು. ಈಗ ಆ ಬಾಗಿಲೇ ಇಲ್ಲ, ಪರದೆ ಬಿಟ್ಟಿದ್ದೀನಿ.

ನಿನ್ನ ಅಮ್ಮ (ಹೀಗೆ ಬರೆದ್ರೆ ಬೇಜಾರಿಲ್ಲ ತಾನೆ?)


ಮಾರ್ಚ್ 27

ಚಿಕ್ಕಮ್ಮನಿಗೆ,

ಬೀದಿಯವರಿಗೆಲ್ಲ ಇಷ್ಟವಾದದ್ದು ಕೇಳಿ ನಿರ್ದೇಶಕರಿಗೆ ಸಂತೋಷವಾಗುತ್ತದೆ. ಇಲ್ಲಿಗೂ ನಾಲ್ಕು ಮೂಟೆ ಪತ್ರ ಬಂದಿದೆ. ‘ಇಂಥ ಚಿಕ್ಕಮ್ಮ ಇನ್ನೂ ನಾಲ್ಕು ವಾರ ಬೇಕು’ ಅಂತ ಹಾಳೆಯಲ್ಲಿದೆ. ಬರೆಯುತ್ತಿದ್ದೇನೆ.

ಆದರೆ ಒಂದು ಮಾತು. ಅದು ಕಥೆ. ಯಾರಾದರೂ ಕೇಳಿದರೆ ದಯವಿಟ್ಟು ‘ಅದು ಕಥೆ’ ಅನ್ನಿ. ಅಷ್ಟು ಸಾಕು.

ಕೆಲಸ ಬಹಳ ಇದೆ.

ದೊಡ್ಡವಳು


ಏಪ್ರಿಲ್ 8

ಮಗಳೇ,

ಕೆಲಸ ಬಹಳ ಇದೆ ಅಂದ್ರೆ ಊಟ ಬಿಡ್ತಿದ್ದೀಯ ಅಂತ ಅರ್ಥ. ಚಿಕ್ಕಂದಿನಿಂದ ನೀನು ಹಾಗೇ.

ಒಂದು ತಪ್ಪು ತೋರಿಸ್ತೀನಿ, ಕೋಪ ಮಾಡ್ಕೋಬೇಡ. ಜ್ವರದ ಸೀನಿನಲ್ಲಿ ಹಣೆ ಮೇಲೆ ಬಿಳೀ ಬಟ್ಟೆ ಹಾಕಿದ್ದಾರೆ. ಅದು ಬಿಳೀದಲ್ಲ, ನೀಲಿ ಚೌಕಳಿ ಬಟ್ಟೆ. ನಿಮ್ಮಪ್ಪನ ಹಳೇ ಅಂಗಿ ಹರಿದು ಮಾಡಿದ್ದು. ನೀನು ‘ತಣ್ಣಗಿದೆ’ ಅಂತಿದ್ದೆ. ಮೊನ್ನೆ ಅಂಗಡೀಲಿ ಇದನ್ನ ಹೇಳಿದಾಗ ಎಲ್ಲರೂ ಬಾಯಿ ಬಿಟ್ಟು ಕೇಳಿದ್ರು.

ಈಗ ದೊಡ್ಡ ಸುದ್ದಿ. ‘ಅಭಿಪ್ರಾಯ ಬರೆದು ಕಳಿಸಿ’ ಅಂತ ಕೊನೇಲಿ ತೋರಿಸ್ತಾರಲ್ಲ, ನಾನೂ ಬರೆದೆ. ‘ಬರೆದವಳನ್ನ ಸಾಕಿದವಳು ನಾನೇ, ಏಳನೇ ಕಂತಿನ ಮಲತಾಯಿ ನಾನೇ’ ಅಂತ. ನಿಮ್ಮ ನಿರ್ದೇಶಕರು ಅಂಗಡಿಗೇ ಫೋನ್ ಮಾಡಿದ್ರು! ಮೇ ಎರಡಕ್ಕೆ ವೀಕ್ಷಕರ ಜೊತೆ ನೇರ ಪ್ರಸಾರ ಇದೆಯಂತೆ. ನನ್ನನ್ನ, ನಿನ್ನನ್ನ ಒಟ್ಟಿಗೆ ಕೂರಿಸ್ತಾರಂತೆ. ನಿನಗೆ ಮೊದಲೇ ಹೇಳಬೇಡಿ, ಆಶ್ಚರ್ಯವಾಗಲಿ ಅಂದ್ರು. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ, ನಿನಗೇ ಗೊತ್ತು. ಹೊಸ ಬಟ್ಟೆ ಹೊಲ್ಕೋತಿದ್ದೀನಿ. ತಿಳಿ ಬೂದು ಬಣ್ಣ, ತೋಳಿಗೆ ಸಣ್ಣ ಅಂಚು. ಟೀವೀಲಿ ಕಣ್ಣಿಗೆ ಹೊಡೆಯಬಾರದು.

ಅಮ್ಮ


ಏಪ್ರಿಲ್ 15

ಚಿಕ್ಕಮ್ಮನಿಗೆ,

ಈ ಕಾಗದವನ್ನು ಅಂಗಡಿಯಲ್ಲಿ ಓದಿ ಹೇಳಬೇಡಿ.

ನಿಮ್ಮದು ಬಂದ ದಿನವೇ ಮೂಟೆಯಿಂದ ಇನ್ನೊಂದು ಪತ್ರ ನನ್ನ ಕೈಗೆ ಸಿಕ್ಕಿತು. ಪೆನ್ಸಿಲ್ಲಿನಲ್ಲಿ ಬರೆದದ್ದು. ಹಾಗೇ ನಕಲು ಮಾಡುತ್ತೇನೆ: ‘ನನಗೆ ಹನ್ನೊಂದು ವರ್ಷ. ನಮ್ಮ ಮನೆಯಲ್ಲೂ ಚಿಕ್ಕಮ್ಮ ಇದ್ದಾರೆ. ಕಥೆಯಲ್ಲಿ ಹುಡುಗಿ ಒಳ್ಳೆಯವಳಾದ್ದರಿಂದ ಚಿಕ್ಕಮ್ಮನೂ ಒಳ್ಳೆಯವರಾಗಿದ್ದರು. ನಾನು ಪಾತ್ರೆ ತೊಳೆಯುತ್ತೇನೆ, ಎದುರು ಮಾತಾಡುವುದಿಲ್ಲ, ತಮ್ಮನನ್ನು ಎತ್ತಿಕೊಳ್ಳುತ್ತೇನೆ. ಆದರೂ ಅವರು ಹಾಗೆ ಆಗಲಿಲ್ಲ. ಇನ್ನೂ ಏನು ಮಾಡಬೇಕು ಅಂತ ಮುಂದಿನ ಕಂತಿನಲ್ಲಿ ತೋರಿಸಿ.’

ಸೋಮವಾರದ ಹಾಳೆಯಲ್ಲಿ ಇದರ ಸಾರಾಂಶ: ‘ಮಕ್ಕಳಿಗೂ ಇಷ್ಟವಾಗಿದೆ.’

ನೀಲಿ ಚೌಕಳಿ ಬಟ್ಟೆ ಇರಲಿಲ್ಲ ಚಿಕ್ಕಮ್ಮ. ಯಾವ ಬಟ್ಟೆಯೂ ಇರಲಿಲ್ಲ. ನನಗೆ ಒಂಬತ್ತು ವರ್ಷ. ನಿಮ್ಮ ತಂಗಿಯ ಮದುವೆಗೆ ಹೊರಡುವ ಬೆಳಿಗ್ಗೆ ನನಗೆ ಜ್ವರ ಬಂತು. ‘ನಾಟಕ’ ಅಂದಿರಿ. ಉಗ್ರಾಣದೊಳಗೆ ಒಂದು ಚೊಂಬು ನೀರು, ಒಂದು ಪೊಟ್ಟಣ ಬ್ರೆಡ್ಡು ಇಟ್ಟು, ಬೀಗ ಹಾಕಿ, ಚಿಕ್ಕವಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಿರಿ. ಅಪ್ಪ ಮುದ್ರಣಾಲಯದ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಎರಡು ದಿನ ಚಿಂದಿ ಮೂಟೆಯ ಮೇಲೆ ಮಲಗಿದ್ದೆ. ಪಕ್ಕದ ಮನೆಯ ಕಾಂಪೌಂಡರ್ ನರಳಾಟ ಕೇಳಿ ಬೀಗ ಒಡೆದು ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬಲಗಿವಿ ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ನಾನು ‘ಹೂಂ’ ಅಂತ ಇಟ್ಟುಬಿಡುವುದಕ್ಕೆ ಅರ್ಧ ಕಾರಣ ಅದು. ಅಪ್ಪ ಬಂದವರು ‘ಮನೆ ಮಾತು ಮನೇಲೇ ಇರಲಿ’ ಅಂದರು. ಇತ್ತು.

ನಾನು ಮೊದಲು ಬರೆದ ಏಳನೇ ಕಂತಿನಲ್ಲಿ ಬೀಗ ಇತ್ತು. ನಿರ್ದೇಶಕರು ಹಾಳೆ ತೋರಿಸಿ ‘ಜನಕ್ಕೆ ಇದು ಬೇಡ’ ಅಂದರು. ನಾನು ಜಗಳವಾಡಲಿಲ್ಲ. ಒಂದೇ ವಾರದಲ್ಲಿ ತಿರುಗಿಸಿ ಬರೆದೆ. ಆ ಒಳ್ಳೆಯ ಚಿಕ್ಕಮ್ಮನನ್ನು ಬರೆಯಲು ಕಷ್ಟವೇ ಆಗಲಿಲ್ಲ. ಉಗ್ರಾಣದಲ್ಲಿ ಮಲಗಿ ಎರಡು ದಿನ ಅವಳನ್ನೇ ಕಾದಿದ್ದೆನಲ್ಲ.

ನಾನು ಮರೆತಿಲ್ಲ. ಕ್ಷಮಿಸಿಯೂ ಇಲ್ಲ. ಕಾರ್ಯಕ್ರಮಕ್ಕೆ ಬರಬೇಡಿ. ಟೀವಿಯಲ್ಲಿ ಏನೂ ಹೇಳುವುದು ಬೇಡ. ನನಗೊಬ್ಬಳಿಗೆ ಒಂದು ಸಾಲು ಬರೆದು ಕಳಿಸಿ, ‘ಹೌದು, ಹಾಕಿದ್ದೆ’ ಅಂತ.

ದೊಡ್ಡವಳು


ಏಪ್ರಿಲ್ 24

ದೊಡ್ಡವಳಿಗೆ,

ಹೌದು, ಹಾಕಿದ್ದೆ.

ಇನ್ನು ನನ್ನದನ್ನೂ ಕೇಳು. ನಾನು ಆ ಮನೆಗೆ ಬಂದಾಗ ನನಗೆ ಹತ್ತೊಂಬತ್ತು, ನಿನಗೆ ಆರು. ನಾನು ಬಡಿಸಿದ ಅನ್ನವನ್ನ ನೀನು ಕಿಟಕಿಯಿಂದ ಆಚೆ ಹಾಕ್ತಿದ್ದೆ. ನನ್ನ ಅಕ್ಕನ ಮಗನ ಹೆಸರಿಡೋ ದಿನ ಹೊಟ್ಟೆ ನೋವು ಅಂತ ಹೊರಳಾಡಿ ಹೋಗೋದನ್ನ ತಪ್ಪಿಸಿದೆ, ನಾನು ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ಎದ್ದು ಕುಂಟೆಬಿಲ್ಲೆ ಆಡಿದೆ. ಅದಕ್ಕೇ ಜ್ವರವನ್ನೂ ನಾಟಕ ಅಂದ್ಕೊಂಡೆ. ಹಣೆ ಮುಟ್ಟಿ ನೋಡಲಿಲ್ಲ. ಅದು ತಪ್ಪು.

ಆದ್ರೆ ನಿಮ್ಮಪ್ಪ ಬೇರೆ ಊರಲ್ಲಿರಲಿಲ್ಲ. ಕೀಲಿ ಅವರ ಕೈಗೆ ಕೊಟ್ಟು ‘ಮಧ್ಯಾಹ್ನ ಊಟಕ್ಕೆ ಬಂದಾಗ ತೆಗೀರಿ, ಅಷ್ಟರೊಳಗೆ ಬುದ್ಧಿ ಬರುತ್ತೆ’ ಅಂದು ಹೋದೆ. ಅವರು ಸ್ನೇಹಿತರ ಜೊತೆ ಇಸ್ಪೀಟಿಗೆ ಕೂತವರು ಮನೆ ಕಡೆ ಬರಲೇ ಇಲ್ಲ. ಊರ ಜನ ಅಂದದ್ದು ಮಾತ್ರ ನನ್ನನ್ನ. ಯಾಕಂದ್ರೆ ಕಥೇಲಿ ಅಪ್ಪಂದಿರು ಯಾವಾಗಲೂ ಕೆಲಸದ ಮೇಲೆ ಹೋಗಿರ್ತಾರೆ. ನಿನಗೆ ಅಪ್ಪ ಅಂದ್ರೆ ಪ್ರಾಣ, ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ನಂಬೋದು ಬಿಡೋದು ನಿನಗೆ ಸೇರಿದ್ದು.

ಕಾರ್ಯಕ್ರಮಕ್ಕೆ ನಾನು ಬರ್ತೀನಿ. ಇಪ್ಪತ್ತೊಂಬತ್ತು ವರ್ಷ ಈ ಬೀದಿ ನನ್ನ ಕೈಲಿ ಬಟ್ಟೆ ಹೊಲಿಸ್ಕೊಂಡು ಬೆನ್ನ ಹಿಂದೆ ಬಾಗಿಲ ಕಡೆ ಬೆರಳು ತೋರಿಸ್ತು. ಈಗ ಆರು ವಾರದಿಂದ ನಾನು ಮನುಷ್ಯಳು. ಕೊಟ್ಟವಳು ನೀನೇ. ಕೊಟ್ಟು ಕಿತ್ಕೋಬೇಡ. ಬೇಕಾದ್ರೆ ನೀನು ಬರದೇ ಇರು.

ಚಿಕ್ಕಮ್ಮ


ಮೇ 19

ಚಿಕ್ಕಮ್ಮನಿಗೆ,

ಕಾರ್ಯಕ್ರಮ ಮುಗಿದು ಇವತ್ತಿಗೆ ಹದಿನೇಳು ದಿನ.

ಅಪ್ಪನ ವಿಷಯ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿಜ ಇರಬಹುದು ಅನ್ನಿಸುತ್ತದೆ. ಆಮೇಲೆ ನೀವು ಹುಟ್ಟಿಸಿದ ನೀಲಿ ಚೌಕಳಿ ಬಟ್ಟೆ ನೆನಪಾಗುತ್ತದೆ. ಅಪ್ಪನೂ ಇಲ್ಲ, ಕಾಂಪೌಂಡರೂ ಇಲ್ಲ. ಇನ್ನು ಯಾರನ್ನು ಕೇಳಲಿ?

ಅವತ್ತು ನಿರ್ದೇಶಕರು ಬಿಡದೆ ನನ್ನನ್ನೂ ಕೂರಿಸಿದರು. ಆ ದೀಪಗಳ ಕೆಳಗೆ ನೀವು ಒಂಬತ್ತು ದಿನದ ಕಥೆ ಹೇಳಿದಿರಿ. ಚೆನ್ನಾಗಿ ಹೇಳಿದಿರಿ, ನಾನು ಬರೆದದ್ದಕ್ಕಿಂತ ಚೆನ್ನಾಗಿ. ಎದುರಿಗೆ ಕೂತ ಇನ್ನೂರು ಜನ ಕಣ್ಣೊರೆಸಿಕೊಂಡರು. ನಿರೂಪಕಿ ನನ್ನ ಕಡೆ ತಿರುಗಿ ‘ನಿಮಗೆ ನೆನಪಿದೆಯಾ?’ ಅಂತ ಕೇಳಿದಳು. ಆಗ ನೀವು ನನ್ನ ಕೈ ಹಿಡಿದಿರಿ. ನನಗೆ ತಿಳಿದಂತೆ ಅದೇ ಮೊದಲು. ನಿಮ್ಮ ಬೆರಳು ಹಿಮದ ಹಾಗೆ ತಣ್ಣಗಿತ್ತು. ಕ್ಯಾಮೆರಾ ಹಿಂದೆ ನಿರ್ದೇಶಕರು ತಲೆಯಾಡಿಸುತ್ತಿದ್ದರು. ನಾನು ‘ನೆನಪಿದೆ’ ಅಂದೆ.

ನಿಮ್ಮನ್ನು ಬಯ್ಯಲು ನನಗೆ ಇನ್ನು ಹಕ್ಕಿಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಆ ಪೆನ್ಸಿಲ್ ಹುಡುಗಿಗೆ ನಾನು ಉತ್ತರ ಬರೆದಿದ್ದೆ: ‘ತಪ್ಪು ನಿನ್ನದಲ್ಲ. ಏನಾಗುತ್ತಿದೆ ಅಂತ ನನಗೆ ಬರಿ.’ ನಿನ್ನೆ ಮಾರುತ್ತರ ಬಂತು. ಶಾಯಿಯಲ್ಲಿ, ದುಂಡನೆಯ ಅಕ್ಷರ. ಅವಳ ಚಿಕ್ಕಮ್ಮನದು. ‘ನಮ್ಮ ಹುಡುಗಿಗೆ ಇಲ್ಲದ್ದನ್ನು ಹೇಳುವ ಅಭ್ಯಾಸ. ಪತ್ರ ಬರೆದದ್ದಕ್ಕೆ ಸರಿಯಾಗಿ ಬುದ್ಧಿ ಕಲಿಸಿದ್ದೇವೆ, ಇನ್ನು ಬರೆಯುವುದಿಲ್ಲ. ನಿಮ್ಮನ್ನೂ ನಿಮ್ಮ ತಾಯಿಯವರನ್ನೂ ಟೀವಿಯಲ್ಲಿ ನೋಡಿ ಕಣ್ಣು ತುಂಬಿ ಬಂತು. ನಾವು ಪ್ರತಿ ವಾರ ತಪ್ಪದೆ ನೋಡುತ್ತೇವೆ.’

ಸರಿಯಾಗಿ ಬುದ್ಧಿ ಕಲಿಸಿದ್ದಾರಂತೆ. ನನ್ನ ಕಾಗದದ ಫಲ.

ನಾಳೆ ಬೆಳಗಿನ ಬಸ್ಸಿಗೆ ಆ ಊರಿಗೆ ಹೋಗುತ್ತಿದ್ದೇನೆ. ಟೀವಿಯಲ್ಲಿ ನೋಡಿದ ಮುಖವಾದ್ದರಿಂದ ಬಾಗಿಲು ತೆಗೆಯುತ್ತಾರೆ. ನಿಮ್ಮ ಕಾರ್ಯಕ್ರಮದಿಂದ ಅಷ್ಟಾದರೂ ಉಪಯೋಗವಾಗಲಿ.

ದೊಡ್ಡವಳು


ಜೂನ್ 4

ಚಿಕ್ಕಮ್ಮನಿಗೆ,

ನೀವು ಬರೆಯದಿದ್ದರೂ ನಡೆದದ್ದನ್ನು ನಿಮಗೆ ನಾನೇ ತಿಳಿಸಬೇಕು. ಬೇರೆಯವರ ಬಾಯಿಂದ ಕೇಳುವುದು ಬೇಡ.

ಬಾಗಿಲು ತೆಗೆದರು. ಸಂಭ್ರಮವೋ ಸಂಭ್ರಮ. ಅಕ್ಕಪಕ್ಕದವರನ್ನೆಲ್ಲ ಕರೆದರು, ಕುರ್ಚಿ ತಂದರು, ಫೋಟೋ ತೆಗೆದರು. ಮೂವತ್ತರ ಒಳಗಿನ ಹೆಂಗಸು, ನಗುಮುಖ. ನೋಡಿದರೆ ಯಾರೂ ಏನೂ ಅನ್ನುವ ಹಾಗಿಲ್ಲ. ಹುಡುಗಿಗೆ ಹೊಸ ಫ್ರಾಕು ತೊಡಿಸಿ ತಂದು ನಿಲ್ಲಿಸಿದರು. ‘ಕೇಳು, ಏನಾದ್ರೂ ಕೇಳು, ಬರೆಯೋಕೆ ಬರುತ್ತಲ್ಲ ನಿಂಗೆ’ ಅಂದಳು ಅವಳ ಚಿಕ್ಕಮ್ಮ. ಹುಡುಗಿ ನೆಲ ನೋಡುತ್ತಾ ಕೇಳಿತು: ‘ನಿಮ್ಮ ಚಿಕ್ಕಮ್ಮ ನಿಜವಾಗ್ಲೂ ಒಂಬತ್ತು ದಿನ ಕೂತಿದ್ರಾ?’

‘ಇಲ್ಲಮ್ಮ’ ಅಂದೆ. ‘ನನ್ನನ್ನು ಒಳಗೆ ಹಾಕಿ ಬೀಗ ಹಾಕಿಕೊಂಡು ಹೋಗಿದ್ದರು. ಟೀವಿಯಲ್ಲಿ ನಾನು ಸುಳ್ಳು ಹೇಳಿದೆ.’

ಹುಡುಗಿ ನನ್ನ ಕಡೆ ನೋಡಲಿಲ್ಲ. ತನ್ನ ಚಿಕ್ಕಮ್ಮನ ಮುಖ ನೋಡಿತು. ಆಮೇಲೆ ಅವರ ಯಜಮಾನರು ‘ನಿಮಗೆ ಬಸ್ಸಿಗೆ ಹೊತ್ತಾಯ್ತು’ ಅಂದರು. ಗೇಟಿನ ತನಕ ಚಪ್ಪಲಿ ತೋರಿಸುವ ನೆಪದಲ್ಲಿ ಹುಡುಗಿ ಬಂತು. ‘ನಮ್ಮನೇಲಿ ಅದು ಬಚ್ಚಲುಮನೆ’ ಅಂತಷ್ಟೇ ಹೇಳಿ ಒಳಗೆ ಓಡಿತು.

ಅಲ್ಲಿಂದ ನೇರ ಅವಳ ಶಾಲೆಗೆ ಹೋದೆ. ರಜೆಯಲ್ಲೂ ಕಚೇರಿಗೆ ಬಂದಿದ್ದ ಹೆಡ್ ಮೇಡಂ ‘ನಾವೂ ನಿಮ್ಮ ಸೀರಿಯಲ್ ನೋಡ್ತೀವಿ’ ಅಂತ ಶುರುಮಾಡಿದರು. ಎಲ್ಲ ಕೇಳಿದ ಮೇಲೆ ಹುಡುಗಿಯ ದಾಖಲೆ ಪುಸ್ತಕ ತೆಗೆದರು. ಹುಡುಗಿಯ ಸೋದರಮಾವನಿಗೆ ಹೇಳಿ ಕಳಿಸಿದರು. ರಜೆ ಮುಗಿಯುವ ತನಕ ಅವನು ಕರೆದುಕೊಂಡು ಹೋಗಿದ್ದಾನೆ. ರಜೆ ಇನ್ನು ಕೆಲವೇ ದಿನ.

ಆ ಮನೆಯವರು ಚಾನೆಲ್ಲಿಗೂ ಪತ್ರಿಕೆಗೂ ಅಭಿಪ್ರಾಯ ಬರೆದರು: ‘ಸಾಕಿದ ತಾಯಿಯ ಮೇಲೆ ಕೆಸರೆರಚುವ ಲೇಖಕಿ.’ ನಿರ್ದೇಶಕರು ನನ್ನನ್ನು ಮೇಜಿನಿಂದ ಎಬ್ಬಿಸಿದರು. ನನ್ನ ಕುರ್ಚಿಗೆ ಬೇರೆಯವರು ಬಂದಿದ್ದಾರೆ, ಮಲತಾಯಿ ಮುಂದುವರಿಯುತ್ತಾಳೆ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದಿದ್ದೇನೆ.

ನಿಮ್ಮ ಬೀದಿಗೂ ಪತ್ರಿಕೆ ಬಂದಿರುತ್ತದೆ. ನಿಮಗೆ ಕಷ್ಟವಾಗಬಹುದು. ಗೊತ್ತಿದ್ದೇ ಹೇಳಿದೆ.

ದೊಡ್ಡವಳು


ಜೂನ್ 20

ದೊಡ್ಡವಳಿಗೆ,

ಪತ್ರಿಕೆ ಬಂತು. ಕಷ್ಟವಾಗುತ್ತೆ ಅಂದಿದ್ದೆ. ಆಗಲಿಲ್ಲ.

ಇಲ್ಲಿ ನಿನ್ನನ್ನ ಒಬ್ಬರೂ ನಂಬಲಿಲ್ಲ. ಬೀಗ ಒಡೆದ ಕಾಂಪೌಂಡರ್ ಹೆಂಡತಿ ಕೂಡ ‘ಅದು ಯಾವಾಗಲೋ, ಸರಿಯಾಗಿ ನೆನಪಿಲ್ಲ’ ಅಂದ್ಲಂತೆ. ಹಿಂದೆ ನಮ್ಮ ಉಗ್ರಾಣಕ್ಕೆ ಬೆರಳು ತೋರಿಸ್ತಿದ್ದೋರೇ ಈಗ ‘ಟೀವೀಲಿ ನಾವೇ ಕಣ್ಣಾರೆ ನೋಡಿದ್ವಲ್ಲ’ ಅಂತಾರೆ. ಚಿಕ್ಕವಳು ಮಾತ್ರ ಮೂರು ದಿನದಿಂದ ನನ್ನ ಹತ್ರ ಮಾತಾಡಿಲ್ಲ. ಯಾಕೆ ಅಂತ ನಾನೂ ಕೇಳಿಲ್ಲ.

ನಿನ್ನೆ ಅಂಗಡಿ ತುಂಬ ಹೆಂಗಸರು. ಯಾರಿಗೂ ಹೊಲಿಸೋದಿರಲಿಲ್ಲ, ನನ್ನನ್ನ ಸಮಾಧಾನ ಮಾಡೋಕೆ ಬಂದಿದ್ರು. ಇಸ್ತ್ರಿಯವಳು ‘ಹಾವಿಗೆ ಹಾಲೆರೆದ್ರಿ ತಾಯಿ’ ಅಂದ್ಲು. ಇನ್ನೊಬ್ಬಳು ‘ಕಿವಿ ಹೋಗಿದೆ ಅಂತಾಳಂತೆ, ಅದೂ ಸುಳ್ಳೇ ಇರಬೇಕು’ ಅಂದ್ಲು. ನನ್ನ ಬೆನ್ನು ಸವರಿದ್ರು. ನಾನು ಮೇಷ್ಟ್ರ ಕೋಟಿನ ಗುಂಡಿ ತೂತಿಗೆ ಕಾಜಾ ಹೊಲೀತಿದ್ದೆ. ‘ಅವಳು ಹೇಳಿದ್ದು ನಿಜ’ ಅನ್ನೋಕೆ ಎಷ್ಟು ಹೊತ್ತು ಬೇಕು? ಒಂದು ಕಾಜಾ ಮುಗಿಸೋಷ್ಟೂ ಬೇಡ. ನಾನು ಐದು ಮುಗಿಸಿದೆ. ಅವರು ಒಬ್ಬೊಬ್ಬರಾಗಿ ಎದ್ದು ಹೋದ್ರು.

ಹೇಳಲಿಲ್ಲ.

ಚಿಕ್ಕಮ್ಮ